ಅಪ್ಪನ ಮೇಜಿನ ಟೈಂಪೀಸು

ಜಂಗಮಕೋಟೆ,
18-4-1988

ಚಿ. ಮುದ್ದಪ್ಪನಿಗೆ,

ಹಿಟ್ಟಿನ ಗಿರಣಿಯ ಹಿಂದಿನ ಬಾಡಿಗೆ ಕೋಣೆಯಿಂದ ನಿನ್ನ ಅಕ್ಕ ಬರೆಯುತ್ತಿರುವುದು. ಮೊದಲು ಕ್ಷೇಮ ಎಂದು ಬರೆಯಬೇಕಂತೆ, ಬರೆದಿದ್ದೇನೆ. ನೀನೂ ಅನಸೂಯಳೂ ಚೆನ್ನಾಗಿದ್ದರೆ ಸಾಕು.

ನಮ್ಮ ಬೀದಿಯ ಆವುಲಪ್ಪ ಚಿಂತಾಮಣಿಗೆ ಬರುತ್ತಿದ್ದಾನೆ. ಅವನ ಕೈಯಲ್ಲಿ ಅಪ್ಪನ ಟೈಂಪೀಸು ಕಳಿಸಿದ್ದೇನೆ. ಬಸ್ಸಿನಲ್ಲಿ ಕಾಲ ಬಳಿ ಇಡಬೇಡ, ತೊಡೆಯ ಮೇಲೆ ಇಟ್ಟುಕೋ ಎಂದು ನಾಲ್ಕು ಸಲ ಹೇಳಿದ್ದೇನೆ. ಹತ್ತು ದಿನದಿಂದ ನಿಂತಿದೆ. ಕೀ ಕೊಡಲು ಹೋದರೆ ಬಿಗಿಯೇ ಸಿಗುವುದಿಲ್ಲ, ಬರಿದೇ ತಿರುಗುತ್ತದೆ. ಮನೆ ಬಿಡುವಾಗ ನಾನು ಎತ್ತಿಕೊಂಡು ಬಂದದ್ದು ಎರಡೇ, ನನ್ನ ಟ್ರಂಕು ಮತ್ತು ಇದು. ಅಪ್ಪ ಊರಿನ ಟಪಾಲು ನೋಡಿಕೊಂಡ ಇಪ್ಪತ್ತೆಂಟು ವರ್ಷವೂ ಅವರ ಮೇಜಿನ ಮೇಲೆ ಇದ್ದದ್ದು. ಇದರ ಮುಖ ನೋಡದೆ ಅವರು ಒಂದು ದಿನವೂ ಟಪಾಲು ಚೀಲಕ್ಕೆ ಅರಗು ಒತ್ತಿದವರಲ್ಲ. ಬೇಗ ಸರಿಮಾಡಿ ಕಳಿಸು.

ಈಗ ನಿಜವಾದ ವಿಷಯ. ಇದೇ ತಿಂಗಳ ಕೊನೆಗೆ ಆರು ತಿಂಗಳು ತುಂಬುತ್ತದೆ. ಅಪ್ಪ ಧನಿಷ್ಠಾ ನಕ್ಷತ್ರದಲ್ಲಿ ಹೋದರು, ಆರು ತಿಂಗಳು ಮನೆ ಬಿಡಬೇಕು ಎಂದು ಜೋಯಿಸರು ಹೇಳಿದಂತೆ ಬಿಟ್ಟೆವು. ಹನ್ನೊಂದರ ಕಾರ್ಯ ಮುಗಿಸಿ, ಬೀಗ ಜಡಿದು, ಬಾಗಿಲಿಗೆ ಮುಳ್ಳಿನ ಕಂಪೆ ಅಡ್ಡ ಎಳೆದದ್ದನ್ನು ನೀನೇ ನಿಂತು ನೋಡಿದ್ದೀಯ. ಇನ್ನು ಶಾಂತಿ ಮಾಡಿಸಿ, ಸುಣ್ಣ ಬಳಿಸಿ ಒಳಗೆ ಹೋಗಬೇಕು. ಆದರೆ ಕೋನಪ್ಪಣ್ಣ ಶಿಡ್ಲಘಟ್ಟದಲ್ಲಿ ಅತ್ತಿಗೆಯ ತವರಿನ ಬೀದಿಯಲ್ಲೇ ಬೇರು ಬಿಡುವ ಹಾಗೆ ಕಾಣುತ್ತದೆ. ಹೋದ ವಾರ ಇಬ್ಬರೂ ಬಂದಿದ್ದರು. ಬಾಗಿಲು ಯಾವಾಗ ತೆಗೆಯೋಣ ಅಂದರೆ ಅಣ್ಣ ಮೋರೆ ತಿರುಗಿಸಿದ. ಅತ್ತಿಗೆಯಾದರೂ ನೇರ ಹೇಳಿದರು: "ಆ ಇಲ್ಲು ಮಾಕು ವದ್ದು ಶ್ಯಾಮಲಾ, ಆ ಮನೆ ನಮ್ಗೆ ಬೇಡ. ಮಾವ ಹೋದಾಗ್ಲಿಂದ ನಮ್ದು ಎರಡು ಹಸ ಹೋದ್ವು, ಎರಡು ಬೆಳೆ ಹುಳ ಹೋಯ್ತು. ಆರು ತಿಂಗಳಲ್ಲ, ಆರು ವರ್ಷ ಬಿಟ್ರೂ ಅದು ಆಗಿಬರಲ್ಲ."

ಅವರಿಗೆ ಆಗಿಬರದಿದ್ದರೆ ಶಿಡ್ಲಘಟ್ಟ ಇದೆ. ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು ಅಪ್ಪನ ಮನೆಗೆ ಬಂದವಳು ನಾನು, ಈಗ ನಲವತ್ತಮೂರು. ನನಗೆ ಬೇರೆ ಯಾವ ಊರಿದೆ? ಹಜಾರದ ತುಂಬ ತಟ್ಟೆ ಜೋಡಿಸಿ ರೇಷ್ಮೆ ಹುಳು ಸಾಕುತ್ತಿದ್ದೆ. ಈ ಕೋಣೆಯಲ್ಲಿ ನಾನು ಕಾಲು ಚಾಚಿದರೆ ಗೋಡೆ ಒದೆಯುತ್ತದೆ.

ನಿನಗೆ ಒಂದು ಮಾತನ್ನು ಇದುವರೆಗೆ ಹೇಳಿಲ್ಲ. ಅಪ್ಪ ಹೋದ ದಿನ ನೀನು ಬಸ್ಸು ಇಳಿದು ಬರುವ ಹೊತ್ತಿಗೆ ಹನ್ನೊಂದು ಗಂಟೆ ದಾಟಿತ್ತು, ಜೋಯಿಸರು ಹೇಳಿ ಹೋಗಿಯೂ ಆಗಿತ್ತು. ಬೆಳಿಗ್ಗೆ ಅಪ್ಪನ ಪಕ್ಕದಲ್ಲಿ ಇದ್ದವಳು ನಾನೊಬ್ಬಳೇ. ಅಪ್ಪ ಎರಡು ಗುಟುಕು ನೀರು ಕುಡಿದರು, ನನ್ನ ಕೈ ಹಿಡಿದರು, ಅಷ್ಟೇ. ಆಗ ಬೆಳಕಿಂಡಿಯ ಬಿಸಿಲು ಇನ್ನೂ ಮಂಚದ ಕಾಲಿಗೆ ಬಂದಿರಲಿಲ್ಲ. ಕಾರ್ತೀಕದಲ್ಲಿ ಅದು ಅಲ್ಲಿಗೆ ಬರುವುದು ಏಳು ಗಂಟೆಗೆ. ಇಪ್ಪತ್ತು ವರ್ಷ ಆ ಬಿಸಿಲು ನೋಡಿಕೊಂಡೇ ಹುಳುವಿಗೆ ಸೊಪ್ಪು ಹಾಕಿದವಳು ನಾನು. ತಕ್ಷಣ ಕೂಗಿಕೊಂಡೆ, ತೋಟದಿಂದ ಅಣ್ಣ ಓಡಿ ಬಂದ. ಬಂದವನು ಅಪ್ಪನ ಮುಖ ನೋಡಿದ, ಆಮೇಲೆ ಟೈಂಪೀಸು ನೋಡಿದ. ಏಳು ಇಪ್ಪತ್ತೈದು. ಧನಿಷ್ಠಾ ಹುಟ್ಟಿದ್ದು ಏಳು ಹತ್ತಕ್ಕೆ ಎಂದು ಆಮೇಲೆ ಜೋಯಿಸರು ಪಂಚಾಂಗ ನೋಡಿ ಹೇಳಿದರು. ನಾನು ಅಂದೆ, "ಇಲ್ಲಣ್ಣ, ಏಳಕ್ಕೆ ಮುಂಚೇನೇ ಹೋದ್ರು, ಬಿಸಿಲು ಬಂದಿರ್ಲಿಲ್ಲ." ಅಣ್ಣ ಎಲ್ಲರ ಮುಂದೆ ಏನಂದ ಗೊತ್ತಾ? "ಹಂಗಾದ್ರೆ ಅರ್ಧ ಗಂಟೆ ಹೆಣದ ಪಕ್ಕ ಸುಮ್ನೆ ಕೂತಿದ್ಯಾ? ತಲೆ ಕೆಟ್ಟಿದ್ಯಾ ನಿಂಗೆ? ಅದು ಮುದ್ದಪ್ಪ ಕೈಯಾರೆ ರಿಪೇರಿ ಮಾಡಿ ಕೊಟ್ಟು ಹದಿನೈದು ದಿನ ಆಗಿಲ್ಲ. ಅದು ಸುಳ್ಳು ಹೇಳುತ್ತಾ, ನೀನು ಹೇಳ್ತೀಯಾ?"

ನಿನ್ನ ಹೆಸರು ಬಂದ ಮೇಲೆ ನಾನು ಬಾಯಿ ಮುಚ್ಚಿಕೊಂಡೆ. ನನ್ನ ತಮ್ಮನ ಕೈಕೆಲಸದ ಮೇಲೆ ನಾನೇ ಹೇಗೆ ಅನುಮಾನ ಪಡಲಿ? ಆದರೆ ಅದು ಒಳಗೆ ಕೊರೆಯುತ್ತಿದೆ ಕಣೋ. ನೀನು ಅಣ್ಣನ ಹತ್ತಿರ ಒಂದು ಮಾತು ಆಡು. ನಿನ್ನ ಮಾತು ಕೇಳುತ್ತಾನೆ.

ನಿನ್ನ ಅಕ್ಕ,
ಶ್ಯಾಮಲಮ್ಮ


ಚಿಂತಾಮಣಿ,
2-5-1988

ಅಕ್ಕನಿಗೆ ಮುದ್ದಪ್ಪನ ನಮಸ್ಕಾರ.

ಟೈಂಪೀಸು ಆವುಲಪ್ಪನ ತೊಡೆಯ ಮೇಲೆ ಕೂತೇ ಬಂತು. ಗಾಜು ಸಹ ಒಡೆದಿಲ್ಲ. ಅದಕ್ಕೆ ಸುತ್ತಿದ್ದ ನಿನ್ನ ಟವೆಲ್ಲು ಒಗೆದು ಇಟ್ಟಿದ್ದೇವೆ.

ಹಿಂದಿನ ತಗಡು ಬಿಚ್ಚಿ ನೋಡಿದೆ. ಮೇನ್ ಸ್ಪ್ರಿಂಗ್ ತುಂಡಾಗಿದೆ, ಅದಕ್ಕೇ ಕೀ ಬರಿದೇ ತಿರುಗುವುದು. ನಿನ್ನ ತಪ್ಪಲ್ಲ, ಉಕ್ಕಿಗೂ ವಯಸ್ಸಾಗುತ್ತದೆ. ಅದು ಬೆರಳಗಲದ ಒಂದು ಪಟ್ಟಿ ಅಕ್ಕ, ಬಿಚ್ಚಿ ಹಾಸಿದರೆ ನಿನ್ನ ಎತ್ತರ ಬರುತ್ತದೆ. ಕೀ ಕೊಟ್ಟಾಗ ಸುತ್ತಿಕೊಂಡು ಕೂರುತ್ತದೆ, ಕೂತಾಗಿನಿಂದ ಬಿಚ್ಚಿಕೊಳ್ಳಲು ಒದ್ದಾಡುತ್ತದೆ. ಸುಮ್ಮನೆ ಬಿಟ್ಟರೆ ಒಂದು ದಿನದ ಓಟವನ್ನು ಒಂದೇ ನಿಮಿಷದಲ್ಲಿ ಓಡಿ ಮುಗಿಸಿಬಿಡುತ್ತದೆ. ಅದಕ್ಕಾಗಿ ಚಕ್ರಗಳ ಸಾಲಿನ ಕೊನೆಯಲ್ಲಿ ಕವೆಯಂಥ ಒಂದು ತುಂಡು ಇಟ್ಟಿದ್ದಾರೆ. ಅದು ಚಕ್ರದ ಒಂದು ಹಲ್ಲನ್ನು ಹಿಡಿಯುತ್ತದೆ, ಬಿಡುತ್ತದೆ, ಮತ್ತೊಂದನ್ನು ಹಿಡಿಯುತ್ತದೆ. ನಮಗೆ ಕೇಳುವ ಟಿಕ್ ಟಿಕ್ ಅದು ಹಿಡಿಯುವ ಸದ್ದು. ಯಾವಾಗ ಬಿಡಬೇಕು ಎಂದು ಕವೆಗೆ ಹೇಳುವುದು ಅತ್ತಿತ್ತ ತೂಗಾಡುವ ಬ್ಯಾಲೆನ್ಸ್ ಚಕ್ರ. ಅದನ್ನು ತೂಗಿಸುವುದು ಹೇರ್ ಸ್ಪ್ರಿಂಗ್ ಎಂಬ ಕೂದಲೆಳೆಯ ಸುರುಳಿ. ಬರಿಗೈಯಲ್ಲಿ ಮುಟ್ಟಿದರೆ ಕೆಟ್ಟಿತು. ಉಸಿರು ಬಿಗಿಹಿಡಿದು ಚಿಮಟದಲ್ಲಿ ಎತ್ತಬೇಕು.

ಡಯಲಿನ ಮೇಲೆ ನಾಲ್ಕರ ಪಕ್ಕ ಒಂದು ಅರಗಿನ ಚುಕ್ಕೆ ಇದೆ. ಅಪ್ಪ ಮೊಹರು ಒತ್ತುವಾಗ ಸಿಡಿದದ್ದಿರಬೇಕು. ಅದನ್ನು ಕೆರೆಯಲಿಲ್ಲ.

ಈ ಅಳತೆಯ ಸ್ಪ್ರಿಂಗ್ ಇಲ್ಲಿ ಸಿಗುವುದಿಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಗೆ ಹೇಳಿಕಳಿಸಿದ್ದೇನೆ. ತಡವಾಗಬಹುದು. ಅಣ್ಣನ ಹತ್ತಿರ ಮಾತಾಡುತ್ತೇನೆ, ಸಮಯ ನೋಡಿ. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ನಿನ್ನ ತಮ್ಮ,
ಮುದ್ದಪ್ಪ


ಜಂಗಮಕೋಟೆ,
27-6-1988

ಮುದ್ದಪ್ಪನಿಗೆ ಅಕ್ಕ ಬರೆಯುವುದು.

ಎರಡು ಪುಟದ ಕಾಗದದಲ್ಲಿ ಒಂದೂಮುಕ್ಕಾಲು ಪುಟ ಸ್ಪ್ರಿಂಗು, ಕಾಲು ಪುಟ ಟವೆಲ್ಲು ಮತ್ತು ಅಣ್ಣ. ನಾನೇನು ಗಡಿಯಾರದ ಅಂಗಡಿ ಇಡಬೇಕೆಂದಿದ್ದೇನೆಯೇ? ಮನೆ ಬಗ್ಗೆ ಕೇಳಿದರೆ ಕವೆ ಚಕ್ರ ಅಂತ ಬರೆಯುತ್ತೀಯ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಅನ್ನುವ ಹಾಗಾಯಿತು ನಮ್ಮ ಮಾತು.

ನೀನು ಸಮಯ ನೋಡುತ್ತಿರುವಾಗ ಅಣ್ಣ ಗಿರಾಕಿ ನೋಡಿದ್ದಾನೆ. ವಿಜಯಪುರದ ಕಡೆಯವರೊಬ್ಬರು ನಮ್ಮ ಮನೆ ಕೆಡವಿ ರೇಷ್ಮೆ ನೂಲು ಬಿಚ್ಚಾಣಿಕೆಯ ಶೆಡ್ಡು ಹಾಕುತ್ತಾರಂತೆ. ಅಳತೆಗೆ ಬಂದಿದ್ದರು. ನಾನು ಬೀದಿಯಲ್ಲಿ ನಿಂತು ನೋಡಿದೆ. ಕಂಪೆ ಸರಿಸಿ ಒಳಗೆ ಹೋದವರು ಚಪ್ಪಲಿ ಕೂಡ ಬಿಡಲಿಲ್ಲ.

ಇನ್ನೊಂದು ಇದೆ. ಹೇಳಲು ನಾಚಿಕೆ. ಪಕ್ಕದ ಕದಿರಮ್ಮನ ಮನೆಯಲ್ಲಿ ಹುಳು ಪೊರೆ ಬಿಡುವ ಮೂರನೇ ಜ್ವರಕ್ಕೆ ಕೂತಿತ್ತು. ಜ್ವರ ಎದ್ದ ಹುಳುವಿಗೆ ಮೊದಲ ಸೊಪ್ಪು ಯಾವ ಹೊತ್ತಿಗೆ ಹಾಕಬೇಕು ಎಂದು ನೋಡಲು ಊರಿನವರೆಲ್ಲ ನನ್ನನ್ನೇ ಕರೆಯುತ್ತಿದ್ದರು, ನಿನಗೆ ಗೊತ್ತು. ಈ ಸಲ ಕರೆಯಲಿಲ್ಲ. ನಾನೇ ಹೋದೆ. ಕದಿರಮ್ಮ ಕೆಟ್ಟವಳಲ್ಲ, ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡು ಅಂದಳು: "ಬೇಜಾರ್ ಮಾಡ್ಕೋಬೇಡ ಕಣಮ್ಮ. ನಮ್ಮತ್ತೆ ಬೇಡ ಅಂತವ್ರೆ. ಹೆತ್ತಪ್ಪನ ಹೆಣದ ಮುಂದೆ ಅರ್ಧ ಗಂಟೆ ಹೊತ್ತು ಹೋಗಿದ್ದು ಗೊತ್ತಾಗ್ದೋಳಿಗೆ ಹುಳದ ಹೊತ್ತೇನು ಗೊತ್ತಾಗುತ್ತೆ ಅಂತಾರೆ."

ಕೋಣೆಗೆ ಬಂದು ತುಂಬಾ ಅತ್ತೆ. ಆಮೇಲೆ ಒಂದು ಯೋಚನೆ ಬಂತು, ಅದು ಅಳುವಿಗಿಂತ ಕೆಟ್ಟದ್ದು. ಅವರು ಹೇಳುವುದೇ ನಿಜವಿರಬಹುದಲ್ಲವೇ? ಎಂಟು ದಿನ ಅಪ್ಪನ ಜ್ವರದ ಪಕ್ಕ ಕೂತು ಎದ್ದು ನನಗೆ ನಿದ್ದೆಯೇ ಇರಲಿಲ್ಲ. ಅಪ್ಪ ಹೋದ ಮೇಲೆ ಕೈ ಹಿಡಿದುಕೊಂಡೇ ನಾನು ಮಂಕು ಹಿಡಿದು ಕೂತುಬಿಟ್ಟಿದ್ದೆನೇನೋ. ಕೂಗಿಕೊಂಡದ್ದು ಆಮೇಲೇನೋ. ಅಥವಾ ಇನ್ನೂ ಕೆಟ್ಟದ್ದು, ಅಪ್ಪ ಆ ಅರ್ಧ ಗಂಟೆ ಬದುಕಿದ್ದು ನಾನು ತೂಕಡಿಸಿದ್ದೆನೇನೋ.

ಟೈಂಪೀಸು ಇನ್ನೂ ಬರಲಿಲ್ಲ.

ಶ್ಯಾಮಲಮ್ಮ


ಚಿಂತಾಮಣಿ,
9-7-1988

ಅಕ್ಕನಿಗೆ ನಮಸ್ಕಾರ.

ಊರಿನವರ ಮಾತು ಕಿವಿಗೆ ಹಾಕಿಕೊಳ್ಳಬೇಡ. ನೀನು ತೂಕಡಿಸುವವಳಲ್ಲ. ಸ್ಪ್ರಿಂಗ್ ಬಂದಿದೆ, ಕೂಡಿಸಿದ್ದೇನೆ, ಪರೀಕ್ಷೆಗೆ ಇಟ್ಟಿದ್ದೇನೆ. ಇನ್ನೂ ಸ್ವಲ್ಪ ದಿನ ಇರಲಿ.

ಅನಸೂಯ ಹೇಳುತ್ತಾಳೆ, ನೀನು ಇಲ್ಲಿಗೇ ಬಂದುಬಿಡಬೇಕಂತೆ. ನಮ್ಮದು ಎರಡು ಕೋಣೆಯ ಮನೆ, ಆದರೂ ಗಾಳಿ ಬೆಳಕಿದೆ. ಅಂಬಾಜಿದುರ್ಗದ ಬೆಟ್ಟ ಕಾಣುತ್ತದೆ. ಅಣ್ಣನ ಜೊತೆ ಜಗಳ ಬೇಡ ಅಕ್ಕ. ಇರುವ ಮೂವರು ಮೂರು ದಿಕ್ಕಾಗುವುದು ಬೇಡ.

ಮುದ್ದಪ್ಪ


ಜಂಗಮಕೋಟೆ,
28-8-1988

ಮುದ್ದಪ್ಪನಿಗೆ,

ನಾನು ಬರುವುದಿಲ್ಲ. ಅನಸೂಯಳಿಗೆ ನನ್ನ ಪ್ರೀತಿ ಹೇಳು, ಅವಳದು ದೊಡ್ಡ ಮನಸ್ಸು. ಆದರೆ ಬೆಟ್ಟ ನೋಡಿಕೊಂಡು ಕೂರಲು ನನಗಿನ್ನೂ ವಯಸ್ಸಾಗಿಲ್ಲ.

ಕ್ರಯಪತ್ರ ಸೆಪ್ಟೆಂಬರ್ ಹತ್ತೊಂಬತ್ತು, ಸೋಮವಾರ, ಶಿಡ್ಲಘಟ್ಟದಲ್ಲಿ. ಅಪ್ಪ ಸಂಬಳದಲ್ಲಿ ಕಟ್ಟಿಸಿದ ಮನೆಯಾದ್ದರಿಂದ ಮೂವರ ಸಹಿಯೂ ಬೇಕಂತೆ. ನೀನು ಹಾಕುತ್ತೇನೆ ಅಂದಿದ್ದೀಯ ಎಂದು ಅಣ್ಣ ಹೇಳಿದ. ಅವನ ಬಾಯಿಂದ ಕೇಳಿದೆ, ನಿನ್ನ ಕಾಗದದಿಂದಲ್ಲ. ನನಗೂ ಹೇಳಿದ: "ಸುಮ್ನೆ ಸಹಿ ಹಾಕು ಶ್ಯಾಮಲಾ. ನಿಂಗೆ ಒಂದು ಕೋಣೆ ನೋಡ್ಕೊಡ್ತೀನಿ. ಹೊತ್ತುಗೊತ್ತು ತಿಳೀದೋಳು ಒಬ್ಬಳೇ ಆ ಮನೇಲಿ ಹೆಂಗಿರ್ತೀಯ?" ಬೈದು ಹೇಳಿದ್ದರೆ ನಾನೂ ಬೈಯುತ್ತಿದ್ದೆ. ಅವನು ಕನಿಕರದಿಂದ ಹೇಳಿದ. ಅದಕ್ಕೆ ನನಗೆ ಭಯವಾಯಿತು.

ಮುದ್ದಪ್ಪ, ಒಂದೇ ಒಂದು ಕೇಳುತ್ತೇನೆ. ಸುತ್ತಿ ಬಳಸಿ ಬರೆಯಬೇಡ. ನೀನು ರಿಪೇರಿ ಮಾಡಿ ಕೊಟ್ಟ ಗಡಿಯಾರ ಹದಿನೈದು ದಿನದೊಳಗೆ ಅರ್ಧ ಗಂಟೆ ತಪ್ಪು ತೋರಿಸಲು ಸಾಧ್ಯವೇ? ನಾನು ದಿನಾ ತಪ್ಪದೆ ಕೀ ಕೊಟ್ಟಿದ್ದೇನೆ. ಮುಳ್ಳು ಮುಟ್ಟಿಲ್ಲ. ಕೀ ಯಾರಾದರೂ ಕೊಡಿ, ಮುಳ್ಳಿಗೆ ಮಾತ್ರ ಯಾರೂ ಕೈ ಹಾಕಬೇಡಿ ಎಂದು ಅಪ್ಪ ಹೇಳಿದ್ದನ್ನು ನಾನು ಮೀರಲಿಲ್ಲ.

ಸಾಧ್ಯವಿಲ್ಲ ಎಂದು ನೀನು ಬರೆದರೆ ನಾನು ಸಹಿ ಹಾಕುತ್ತೇನೆ. ನನ್ನ ತಲೆಯೇ ಸರಿಯಿಲ್ಲ ಎಂದು ಒಪ್ಪಿಕೊಂಡು ಅಣ್ಣ ತೋರಿಸಿದ ಕೋಣೆಯಲ್ಲಿ ಇರುತ್ತೇನೆ.

ನಿನ್ನ ಜವಾಬಿಗೆ ಕಾಯುವ,
ಶ್ಯಾಮಲಮ್ಮ


ಚಿಂತಾಮಣಿ,
9-9-1988

ಅಕ್ಕ,

ಇದು ನಾಲ್ಕನೇ ಕಾಗದ. ಮೂರನ್ನು ಹರಿದೆ.

ಸಾಧ್ಯ. ಆದದ್ದೂ ಅದೇ. ಅಪ್ಪನ ಟೈಂಪೀಸು ಅವತ್ತು ಇಪ್ಪತ್ತೈದು ನಿಮಿಷ ಮುಂದಿತ್ತು. ನೀನು ಹೇಳಿದ್ದೇ ಸರಿ. ನಿನ್ನ ತಲೆ ಸರಿಯಾಗಿದೆ. ತಪ್ಪಿದ್ದು ನನ್ನ ಕೈ, ಆಮೇಲೆ ನನ್ನ ಬಾಯಿ.

ಹೇಗಾಯಿತು ಎಂದು ಹೇಳುತ್ತೇನೆ, ಈ ಸಲ ಏನೂ ಮುಚ್ಚಿಡುವುದಿಲ್ಲ. ಮೇ ತಿಂಗಳಲ್ಲಿ ನಿನಗೆ ಅಷ್ಟುದ್ದ ಬರೆದೆನಲ್ಲ, ಸ್ಪ್ರಿಂಗು, ಕವೆ, ಚಕ್ರ. ಒಂದನ್ನು ಬಿಟ್ಟಿದ್ದೆ. ಹೇರ್ ಸ್ಪ್ರಿಂಗಿನ ಬಳಿ ಒಂದು ಸಣ್ಣ ಕಡ್ಡಿ ಇರುತ್ತದೆ, ತುದಿ ಹಿಂದಿನ ತಗಡಿನ ಸೀಳಿನಿಂದ ಹೊರಗೆ ಚಾಚಿರುತ್ತದೆ. ಅದರ ಒಂದು ಪಕ್ಕ ಎಫ್ ಎಂದೂ ಇನ್ನೊಂದು ಪಕ್ಕ ಎಸ್ ಎಂದೂ ಕೊರೆದಿರುತ್ತಾರೆ. ಎಫ್ ಕಡೆ ಸರಿಸಿದರೆ ಗಡಿಯಾರ ಬೇಗ ಓಡುತ್ತದೆ, ಎಸ್ ಕಡೆ ಸರಿಸಿದರೆ ನಿಧಾನ. ಕೂದಲಷ್ಟು ಸರಿದರೂ ದಿನಕ್ಕೆ ನಿಮಿಷಗಟ್ಟಲೆ ವ್ಯತ್ಯಾಸ. ಹೋದ ವರ್ಷ ದಸರಾ ಮುಗಿದ ಮೇಲೆ ಅಪ್ಪ ಟೈಂಪೀಸು ತಂದುಕೊಟ್ಟರು, ದಿನಾ ಹಿಂದೆ ಬೀಳುತ್ತಿದೆ ಎಂದು. ಹಳೆಯ ಎಣ್ಣೆ ಜಿಡ್ಡುಗಟ್ಟಿತ್ತು. ಪೆಟ್ರೋಲಿನಲ್ಲಿ ತೊಳೆದು ಹೊಸ ಎಣ್ಣೆ ಬಿಟ್ಟೆ. ಅಷ್ಟಕ್ಕೇ ಬಿಟ್ಟಿದ್ದರೆ ಸರಿಹೋಗುತ್ತಿತ್ತು. ನಾನು ಜೊತೆಗೆ ಕಡ್ಡಿಯನ್ನೂ ಎಫ್ ಕಡೆ ತಳ್ಳಿದೆ. ಹಾಗೆ ಮಾಡಿದ ಮೇಲೆ ಎಂಟು ದಿನ ಅಂಗಡಿಯಲ್ಲೇ ಇಟ್ಟು ನೋಡಬೇಕು. ಬೇರೆಯವರ ಗಡಿಯಾರವಾದರೆ ಇಟ್ಟುಕೊಳ್ಳುತ್ತಿದ್ದೆ. ಅಪ್ಪನದಲ್ಲವೇ, ಎರಡೇ ದಿನಕ್ಕೆ ಕೊಟ್ಟುಬಿಟ್ಟೆ. ದಿನಕ್ಕೆ ಮೂರು ನಿಮಿಷ ಮುಂದೋಡುತ್ತಿತ್ತು. ಅಪ್ಪ ದಿನಾ ರೇಡಿಯೋ ವಾರ್ತೆಗೆ ಮುಳ್ಳು ಕೂಡಿಸುತ್ತಿದ್ದರಿಂದ ಗೊತ್ತಾಗಲಿಲ್ಲ. ಎಂಟು ದಿನ ಮಲಗಿದರು. ನೀನು ಕೀ ಕೊಟ್ಟೆ, ಮುಳ್ಳು ಮುಟ್ಟಲಿಲ್ಲ. ಎಂಟು ಮೂರಲ ಇಪ್ಪತ್ತನಾಲ್ಕು, ಚಿಲ್ಲರೆ ಸೇರಿ ಇಪ್ಪತ್ತೈದು. ಇಷ್ಟೇ ಲೆಕ್ಕ.

ಇದು ಕೈತಪ್ಪು. ಇದಕ್ಕೆ ಕ್ಷಮೆ ಕೇಳಬಹುದು. ಮುಂದಿನದಕ್ಕೆ ಹೇಗೆ ಕೇಳಲಿ ಎಂದು ಗೊತ್ತಿಲ್ಲ.

ಅವತ್ತು ನಾನು ಬಂದಾಗ ನನ್ನ ಕೈಗಡಿಯಾರದಲ್ಲಿ ಹನ್ನೊಂದು ಹತ್ತು. ಅಪ್ಪನನ್ನು ಪಡಸಾಲೆಗೆ ತಂದು ಮಲಗಿಸಿದ್ದರು, ನೀವೆಲ್ಲ ಸುತ್ತ ಕೂತಿದ್ದಿರಿ. ನಾನು ಅಪ್ಪನ ಕೋಣೆಗೆ ಒಬ್ಬನೇ ಹೋದೆ, ಅಳಬೇಕಾಗಿತ್ತು. ಟೈಂಪೀಸು ಹನ್ನೊಂದು ಮೂವತ್ತೈದು ತೋರಿಸುತ್ತಿತ್ತು. ಏಳು ಇಪ್ಪತ್ತೈದು, ಧನಿಷ್ಠಾ, ಆರು ತಿಂಗಳು ಎಂದು ಜೋಯಿಸರು ಆಗಲೇ ಹೇಳಿ ಹೋಗಿದ್ದನ್ನು ಬಾಗಿಲಲ್ಲೇ ಕೇಳಿದ್ದೆ. ನನಗೆ ಅರ್ಥವಾಗಲು ಒಂದು ನಿಮಿಷವೂ ಬೇಕಾಗಲಿಲ್ಲ. ಹೊರಗೆ ಬಂದು ಕೂಗಿ ಹೇಳಬೇಕಿತ್ತು. ನಾನು ಏನು ಮಾಡಿದೆ ಗೊತ್ತಾ ಅಕ್ಕ? ಮುಳ್ಳನ್ನು ಹಿಂದಕ್ಕೆ ತಿರುಗಿಸಿ ಸರಿಮಾಡಿದೆ. ಕಡ್ಡಿಯನ್ನು ಉಗುರಿನಿಂದ ನಡುವಿಗೆ ತಂದೆ. ಆಮೇಲೆ ಹೊರಗೆ ಬಂದು ಅತ್ತೆ.

ಯಾಕೆ ಎಂದು ಕೇಳುತ್ತೀಯ. ಅಂಗಡಿಗೆ ಹೊಸ ಬೋರ್ಡು ಹಾಕಿ ಒಂದು ತಿಂಗಳಾಗಿತ್ತು. ಪಡಸಾಲೆಯಲ್ಲಿ ಕೂತಿದ್ದವರಲ್ಲಿ ಅರ್ಧ ಜನ ನನ್ನ ಗಿರಾಕಿಗಳು. ಹೆತ್ತಪ್ಪನ ಗಡಿಯಾರವನ್ನೇ ಕೆಡಿಸಿ ಕೊಟ್ಟ ಎಂದು ಆಡಿಕೊಳ್ಳುತ್ತಾರೆ ಎಂಬ ಭಯ. ಆರು ತಿಂಗಳಲ್ಲವೇ, ಕಳೆದುಹೋಗುತ್ತದೆ ಅಂದುಕೊಂಡೆ. ಇನ್ನೂ ಒಂದಿದೆ. ಅಪ್ಪನಿಗೆ ಜ್ವರ, ಬಂದು ಹೋಗು ಎಂದು ನೀನು ಬರೆದ ಕಾರ್ಡು ಐದು ದಿನ ಮುಂಚೆಯೇ ನನಗೆ ತಲುಪಿತ್ತು. ಹಬ್ಬಕ್ಕೆ ಮುಂಚೆ ಒಪ್ಪಿಕೊಂಡ ಕೆಲಸ ತುಂಬಾ ಬಾಕಿ ಇತ್ತು, ಬರಲಿಲ್ಲ. ಬಂದಿದ್ದರೆ ಕೋಣೆಯೊಳಗೆ ಕಾಲಿಟ್ಟೊಡನೆ ನನ್ನ ಕಣ್ಣು ಹೋಗುತ್ತಿದ್ದದ್ದು ಅದೇ ಡಯಲಿಗೆ. ತಪ್ಪು ಹೇಳಿದರೆ ಬರಲಿಲ್ಲ ಎನ್ನುವುದನ್ನೂ ಹೇಳಬೇಕಾಗುತ್ತಿತ್ತು.

ಅಣ್ಣ ನನ್ನ ಹೆಸರು ಹಿಡಿದು ನಿನ್ನ ಬಾಯಿ ಮುಚ್ಚಿಸಿದ ಎಂದು ನಿನ್ನ ಏಪ್ರಿಲ್ ಕಾಗದ ಬರುವವರೆಗೂ ನನಗೆ ಗೊತ್ತಿರಲಿಲ್ಲ. ಆದರೆ ಗೊತ್ತಾದ ಮೇಲೂ ಐದು ತಿಂಗಳು ಸುಮ್ಮನಿದ್ದೆನಲ್ಲ. ಈ ಕಾಗದವನ್ನು ನೀನು ಯಾರಿಗೆ ಬೇಕಾದರೂ ತೋರಿಸು. ನಾನು ಸಹಿ ಹಾಕುವುದಿಲ್ಲ.

ಮುದ್ದಪ್ಪ


ಜಂಗಮಕೋಟೆ,
13-9-1988

ಮುದ್ದಪ್ಪನಿಗೆ,

ಕಾಗದ ತಲುಪಿತು. ನಿನ್ನ ಕಾಗದ ತೋರಿಸಿಕೊಂಡು ನಾನು ಬೀದಿ ಸುತ್ತುವುದಿಲ್ಲ. ಭಾನುವಾರ ಬೆಳಿಗ್ಗೆ ಅಣ್ಣನನ್ನೂ ಜೋಯಿಸರನ್ನೂ ಮನೆ ಮುಂದೆ ಕರೆಸಿದ್ದೇನೆ. ಟೈಂಪೀಸು ತೆಗೆದುಕೊಂಡು ಬಾ. ನಿನ್ನ ಬಾಯಿಂದ ಹೇಳು.

ಶ್ಯಾಮಲಮ್ಮ


ಜಂಗಮಕೋಟೆ,
2-11-1988

ಮುದ್ದಪ್ಪನಿಗೆ,

ಅವತ್ತು ನೀನು ಹನ್ನೆರಡರ ಬಸ್ಸಿಗೆ ಓಡಿಹೋದೆ. ಒಂದು ಲೋಟ ಮಜ್ಜಿಗೆ ಕೂಡ ಕುಡಿಯಲಿಲ್ಲ. ಒಂದೂವರೆ ತಿಂಗಳು ನಾನೂ ಬರೆಯಲಿಲ್ಲ. ಬರೆಯಬಾರದು ಅಂತಲ್ಲ. ಒಂದು ವಿಷಯ ಗೊತ್ತುಮಾಡಿಕೊಂಡು ಬರೆಯೋಣ ಅಂತ ಕಾದೆ.

ಮೊದಲು ಮನೆಯ ವಿಷಯ. ಅಣ್ಣ ನಿನ್ನನ್ನು ಬೈದದ್ದು ನೀನೇ ಕೇಳಿದ್ದೀಯ, "ನೀನು ಗಡಿಯಾರ ಕೆಡಿಸ್ಲಿಲ್ಲ ಕಣೋ, ಮನೆ ಕೆಡಿಸ್ದೆ" ಅಂದದ್ದು. ನೀನು ಹೋದ ಮೇಲೆ ತಾನೇ ಕಂಪೆ ಎಳೆದು ಬೀದಿಗೆ ಹಾಕಿದ. ಕೈಗೆ ಮುಳ್ಳು ಚುಚ್ಚಿ ರಕ್ತ ಬಂತು. ವಿಜಯಪುರದವರಿಗೆ ಇಲ್ಲ ಎಂದು ಹೇಳಿಕಳಿಸಿದ್ದಾನೆ. ಅತ್ತಿಗೆ ಇನ್ನೂ ಬಂದಿಲ್ಲ, ಬಂದರೆ ಬರಲಿ. ನಾನು ದಸರಾಕ್ಕೆ ಮುಂಚೆ ಸುಣ್ಣ ಬಳಿಸಿ ಒಳಗೆ ಬಂದೆ. ಹಜಾರದಲ್ಲಿ ತಟ್ಟೆ ಜೋಡಿಸಿದ್ದೇನೆ. ಕದಿರಮ್ಮನ ಅತ್ತೆ ತಾವೇ ಬಂದು ಹುಳು ನೋಡಲು ಕರೆದರು. ಹೋಗಿ ನೋಡಿ ಬಂದೆ. ಊರಿಗೆ ನಾನು ಮತ್ತೆ ಹೊತ್ತು ಬಲ್ಲವಳಾದೆ. ನಿನ್ನ ಅಂಗಡಿಗೆ ಗಿರಾಕಿ ಕಮ್ಮಿಯಾದರು ಎಂದು ಆವುಲಪ್ಪ ಹೇಳಿದ. ಅದಕ್ಕೆ ನನಗೆ ಖುಷಿಯೂ ಇಲ್ಲ, ದುಃಖವೂ ಇಲ್ಲ.

ಈಗ ಹೇಳಬೇಕಾದದ್ದು. ನೀನು ಎಲ್ಲ ಹೇಳಿದ ಮೇಲೆ ಜೋಯಿಸರು ಪಂಚಾಂಗ ಬಿಚ್ಚಿ, ಹಂಗಾದ್ರೆ ಪ್ರಾಣ ಹೋದದ್ದು ಎಷ್ಟು ಹೊತ್ತಿಗಪ್ಪ ಎಂದು ನಿನ್ನನ್ನು ಕೇಳಿದರು. ನೀನು, "ನಾನಿರಲಿಲ್ಲ ಸ್ವಾಮಿ, ಅಕ್ಕನ್ನ ಕೇಳಿ" ಅಂದೆ. ಒಂದು ವರ್ಷದಲ್ಲಿ ಮೊದಲ ಸಲ ನನ್ನನ್ನು ಕೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು, "ಬಿಸಿಲು ಮಂಚದ ಕಾಲಿಗೆ ಬಂದಿರ್ಲಿಲ್ಲ" ಅಂದೆ. ಅವರು, "ಹಂಗಾದ್ರೆ ಶ್ರವಣ, ಏನೂ ದೋಷ ಇಲ್ಲ" ಎಂದು ಪಂಚಾಂಗ ಮುಚ್ಚಿದರು. ನೀನು ಆಗ ನನ್ನ ಮುಖ ನೋಡಿ ಅತ್ತೆ. ಅಕ್ಕನಿಗೆ ಅವಳದನ್ನು ವಾಪಸ್ಸು ಕೊಟ್ಟೆ ಅಂದುಕೊಂಡಿರಬೇಕು.

ಮುದ್ದಪ್ಪ, ಅದು ನನ್ನ ನೆನಪಿನಿಂದ ಬಂದ ಮಾತಲ್ಲ. ಅಪ್ಪ ಹೋದ ದಿನ ಹಾಗೆ ಹೇಳಿದ್ದೆ ಎನ್ನುವುದು ನೆನಪಿತ್ತು, ಅದನ್ನೇ ತಿರುಗಿ ಹೇಳಿದೆ. ಬಿಸಿಲನ್ನು ನಾನು ಕಾಣುತ್ತಿರಲಿಲ್ಲ.

ಮನೆಯೊಳಗೆ ಬಂದರೆ ಕಾಣುತ್ತದೆ ಅಂದುಕೊಂಡೆ. ಅದೇ ತಾರೀಖಿಗೆ ಕಾದೆ. ಮೊನ್ನೆ ಸೋಮವಾರ ಬೆಳಿಗ್ಗೆ ಅಪ್ಪನ ಮಂಚವನ್ನು ಇದ್ದ ಜಾಗದಲ್ಲೇ ಹಾಕಿ, ನಾನು ಕೂತಿದ್ದ ಜಾಗದಲ್ಲೇ ಕೂತೆ. ಬಿಸಿಲು ಬಂತು, ಗೋಡೆ ಇಳಿದು ನೆಲಕ್ಕೆ ಬಂತು, ಮಂಚದ ಕಾಲು ಮುಟ್ಟಿತು, ದಾಟಿತು. ನನಗೆ ಏನೂ ಗೊತ್ತಾಗಲಿಲ್ಲ. ಒಂದು ವರ್ಷ ಅವರೆಲ್ಲ ಹೇಳಿದ ಅರ್ಧ ಗಂಟೆಯನ್ನು ನಾನು ತಲೆಯೊಳಗೆ ಅಷ್ಟು ಸಲ ನೋಡಿದ್ದೇನೆ. ತೂಕಡಿಸಿದಂತೆ, ಮಂಕು ಹಿಡಿದಂತೆ, ಅಪ್ಪ ಕರೆದರೂ ಕೇಳದಂತೆ. ಈಗ ಅವೂ ಇವೆ, ನಿಜವಾದದ್ದೂ ಎಲ್ಲೋ ಅವುಗಳ ನಡುವೆ ಇದೆ. ಯಾವುದು ಯಾವುದೆಂದು ಬೇರೆ ಮಾಡಲು ಬರುತ್ತಿಲ್ಲ. ಅಪ್ಪ ಕೈ ಹಿಡಿದಾಗ ಏನೋ ಅಂದರು. ಅದನ್ನು ಯಾರಿಗೂ ಹೇಳದೆ ನನಗಾಗಿ ಇಟ್ಟುಕೊಂಡಿದ್ದೆ. "ನೀನಿದ್ದೀಯಲ್ಲ, ಸಾಕು ಬಿಡಮ್ಮ" ಅಂದರು ಎಂದು ನನ್ನ ಲೆಕ್ಕ. ಅಂದರೋ, ತಡೆಯಲಾರದೆ ನಾನೇ ಕಟ್ಟಿಕೊಂಡೆನೋ, ಈಗ ಆಣೆಯಿಟ್ಟು ಹೇಳಲಾರೆ.

ನೀನು ಬಾಯಿ ಬಿಡುವ ಹೊತ್ತಿಗೆ ಮನೆಯೊಂದು ಉಳಿದಿತ್ತು, ನನ್ನ ನೆನಪು ಉಳಿದಿರಲಿಲ್ಲ. ಅಪ್ಪನ ಕೊನೆಯ ಗಳಿಗೆಯಲ್ಲಿ ಇದ್ದವಳು ನಾನೊಬ್ಬಳೇ ಮುದ್ದಪ್ಪ. ಈಗ ಅಲ್ಲಿ ಯಾರೂ ಇರಲಿಲ್ಲ ಅಂದ ಹಾಗಾಯಿತು.

ನಿನ್ನ ಮೇಲೆ ನನಗೆ ಸಿಟ್ಟಿದೆ. ಅದು ಯಾವಾಗ ಹೋಗುತ್ತದೆ ಎಂದು ನನಗೆ ಗೊತ್ತಿಲ್ಲ, ಹೋಗುತ್ತದೆ ಎಂದು ಮಾತು ಕೊಡುವುದೂ ಇಲ್ಲ. ಇದಕ್ಕೆ ಜವಾಬು ಬರೆಯಬೇಡ. ಹದಿನೆಂಟನೇ ತಾರೀಖು ಶುಕ್ರವಾರ ಅಪ್ಪನ ವರ್ಷದ ಕಾರ್ಯ. ಅನಸೂಯಳನ್ನು ಕರೆದುಕೊಂಡು ಹಿಂದಿನ ದಿನವೇ ಬಾ. ಅಣ್ಣನ ಪಕ್ಕ ಕೂತು ಪಿಂಡ ಇಡು. ನನ್ನನ್ನು ಮಾತಾಡಿಸಬೇಡ. ಎಲೆಯ ಮುಂದೆ ಕೂತಾಗ ನಾನು ಬಡಿಸುತ್ತೇನೆ, ಹೊಟ್ಟೆ ತುಂಬ ಊಟ ಮಾಡಿ ಹೋಗು.

ಶ್ಯಾಮಲಮ್ಮ